ಹದಿನೆಂಟರ ಹಟ, ಇಪ್ಪತ್ತಾರರ ಹದ

ಸರ್ಕಾರಿ ಕಚೇರಿ, ಬ್ಯಾಂಕು, ಸಭಾಭವನಗಳ ಎಸಿಗೆ ಲಗಾಮು ಹಾಕುವ ಮಾತು ದಿಲ್ಲಿಯಲ್ಲಿ ಆಗಾಗ ಏಳುತ್ತದೆ, ಮತ್ತೆ ತಣ್ಣಗಾಗುತ್ತದೆ. ಬಿಸಿಲಿಗಿಂತ ಸೆಖೆಯೇ ಹೆಚ್ಚು ಕಾಡುವ ಉಡುಪಿ ಜಿಲ್ಲೆಯಲ್ಲಿ ಆ ಲಗಾಮು ಹೇಗಿರಬೇಕು?

ಕಾಪು ತಾಲೂಕಿನ ಎಲ್ಲೂರಿನವರಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಯಾರೂ ಪಾಠ ಹೇಳಬೇಕಾಗಿಲ್ಲ. ತಲೆಯೆತ್ತಿದರೆ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. 600 ಮೆಗಾವಾಟಿನ ಎರಡು ಘಟಕ, ಒಟ್ಟು 1,200 ಮೆಗಾವಾಟ್. ಮೊದಲನೆಯದು ಉತ್ಪಾದನೆ ಶುರುಮಾಡಿದ್ದು 2010ರಲ್ಲಿ, ಎರಡನೆಯದು 2012ರಲ್ಲಿ. ಇಲ್ಲಿ ಉರಿಯುವುದು ಹೊರದೇಶದ ಕಲ್ಲಿದ್ದಲು. ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬಂದು, ಅಲ್ಲಿಂದ ರೈಲು ಹತ್ತಿ ಊರು ಸೇರುತ್ತದೆ. ಹಾರುಬೂದಿ, ಉಪ್ಪುನೀರು, ಒಣಗಿದ ತೋಟಗಳ ಬಗ್ಗೆ ಸುತ್ತಲಿನ ಹಳ್ಳಿಗಳ ದೂರು ಸ್ಥಾವರದಷ್ಟೇ ಹಳೆಯದು. ಆ ಜಗಳ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಗಿ, 2022ರ ಮೇ ತಿಂಗಳಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂಬ ಆದೇಶವೂ ಬಂತು.

ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ, ಘಟ್ಟದ ಬುಡದ ಹೊಸಂಗಡಿಯಲ್ಲಿ, ನೆಲದೊಳಗೇ ಕಟ್ಟಿದ ವಾರಾಹಿ ಜಲವಿದ್ಯುತ್ ಕೇಂದ್ರವಿದೆ. ಅದರ ಸಾಮರ್ಥ್ಯ 460 ಮೆಗಾವಾಟ್. ಎರಡೂ ಕಡೆಯ ತಂತಿಗಳು ಕಾರ್ಕಳ ತಾಲೂಕಿನ ಕೇಮಾರಿನ 220 ಕಿಲೋವೋಲ್ಟ್ ಕೇಂದ್ರವನ್ನು ಮುಟ್ಟುತ್ತವೆ. ಅಲ್ಲಿಂದ ಮುಂದೆ ಮೆಸ್ಕಾಂ ಕಂಬಗಳ ದಾರಿ ಹಿಡಿದು ಉಡುಪಿಯ ಬ್ಯಾಂಕಿಗೆ, ಮಣಿಪಾಲದ ಕಚೇರಿಗೆ, ಕಾಪುವಿನ ಮದುವೆ ಹಾಲಿಗೆ ಕರೆಂಟು ಹರಿಯುತ್ತದೆ.

ಹಾಗಾಗಿ ಎಸಿಯ ಚರ್ಚೆಗೆ ಈ ಜಿಲ್ಲೆಯಲ್ಲಿ ಬೇರೆ ಊರುಗಳಲ್ಲಿಲ್ಲದ ನೇರತನ ಇದೆ. ಬೆಂಗಳೂರಿನವರಿಗೆ ಕಲ್ಲಿದ್ದಲು ಎಂದರೆ ರಾಯಚೂರು, ಬಳ್ಳಾರಿ ಕಡೆಯ ಸುದ್ದಿ. ಇಲ್ಲಿ ತಂಪು ಉಣ್ಣುವವರೂ ಬೂದಿ ಉಣ್ಣುವವರೂ ಒಬ್ಬರೇ ಜಿಲ್ಲಾಧಿಕಾರಿಯ ವ್ಯಾಪ್ತಿಯಲ್ಲಿದ್ದಾರೆ.

ದಿಲ್ಲಿಯಿಂದ ಬಂದ ಅಂಕಿಗಳು

ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಮರುವರ್ಷ ಇಂಧನ ದಕ್ಷತಾ ಬ್ಯೂರೋ ಹುಟ್ಟಿತು. ಫ್ರಿಜ್ಜು, ಎಸಿಗಳ ಮೇಲೆ ನಕ್ಷತ್ರದ ಚೀಟಿ ಅಂಟಿಸುವುದು ಇದೇ ಸಂಸ್ಥೆ. 2018ರ ಜೂನ್‌ನಲ್ಲಿ ಆಗಿನ ವಿದ್ಯುತ್ ಸಚಿವ ಆರ್.ಕೆ. ಸಿಂಗ್, ವಿಮಾನ ನಿಲ್ದಾಣ, ಹೋಟೆಲು, ಕಚೇರಿ, ಮಾಲ್‌ಗಳಲ್ಲಿ ಎಸಿಯನ್ನು 24 ಡಿಗ್ರಿಗೆ ಇಡುವಂತೆ ಸಲಹೆ ಕೊಟ್ಟರು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ, ದೇಶದ ಎಲ್ಲರೂ ಇದನ್ನು ಪಾಲಿಸಿದರೆ ವರ್ಷಕ್ಕೆ 2,000 ಕೋಟಿ ಯೂನಿಟ್ ಉಳಿತಾಯ ಎಂಬುದು ಆಗಿನ ಅಂದಾಜು.

ಸಲಹೆ ನಿಯಮವಾದದ್ದು 2020ರ ಜನವರಿ 1ರಿಂದ. ನಕ್ಷತ್ರದ ಚೀಟಿ ಇರುವ ಪ್ರತಿಯೊಂದು ಕೋಣೆ ಎಸಿಯೂ ಚಾಲೂ ಮಾಡಿದಾಗ 24ರಲ್ಲೇ ಶುರುವಾಗುವಂತೆ ಕಾರ್ಖಾನೆಯಲ್ಲೇ ಹೊಂದಿಸಿರಬೇಕು. ನಿಯಮ ಒಳ್ಳೆಯದೇ. ಆದರೆ ಅದು ಮೊದಲ ಅಂಕಿಯನ್ನಷ್ಟೇ ಹಿಡಿದಿಟ್ಟಿತು. ಇಳಿಮುಖದ ಗುಂಡಿಯನ್ನು ಆರು ಸಲ ಒತ್ತಿದರೆ 18 ಬರುತ್ತದೆ, ಒತ್ತುವ ಬೆರಳಿಗೆ ಕಾಯ್ದೆಯೇನೂ ಅಡ್ಡ ಬರುವುದಿಲ್ಲ. 2025ರ ಜೂನ್‌ನಲ್ಲಿ ಈಗಿನ ಸಚಿವ ಮನೋಹರ್ ಲಾಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊಸ ಎಸಿಗಳು 20ರಿಂದ 28 ಡಿಗ್ರಿಯೊಳಗೇ ಓಡುವಂತೆ ಮಾಡುತ್ತೇವೆ ಎಂದರು. ಬೆನ್ನಿಗೇ ಪರಿಸರ ಸಚಿವ ಭೂಪೇಂದ್ರ ಯಾದವ್, ಅಂಥ ಸ್ಥಿತಿ ಇಷ್ಟು ಬೇಗ ಬಾರದು ಎಂಬ ಧಾಟಿಯಲ್ಲಿ ಮಾತಾಡಿದರು.

ತರಾತುರಿ ಯಾಕೆ ಎಂಬುದಕ್ಕೆ ಎರಡು ಅಂಕಿ ಸಾಕು. 2024ರ ಮೇ 30ರಂದು ದೇಶದ ವಿದ್ಯುತ್ ಬೇಡಿಕೆ 250 ಗಿಗಾವಾಟ್ ಮುಟ್ಟಿ ಆವರೆಗಿನ ದಾಖಲೆ ಮುರಿಯಿತು. ಅದೇ ಬೇಸಿಗೆಯಲ್ಲಿ, ಜಲಾಶಯಗಳು ತಳ ಕಂಡಿದ್ದ ಬರದ ವರ್ಷದಲ್ಲಿ, ಕರ್ನಾಟಕದ ಬೇಡಿಕೆ 17,000 ಮೆಗಾವಾಟ್ ದಾಟಿತ್ತು. 2019ರಲ್ಲಿ ಹೊರಬಂದ ಭಾರತದ ತಂಪು ಕ್ರಿಯಾ ಯೋಜನೆ, ತಂಪಿನ ಬೇಡಿಕೆ ಇಪ್ಪತ್ತು ವರ್ಷಗಳಲ್ಲಿ ಎಂಟು ಪಟ್ಟಾಗುತ್ತದೆ ಎಂದು ಲೆಕ್ಕ ಹಾಕಿದೆ. ಮನೆಯಲ್ಲಿ ಮೊದಲ ಎಸಿ ಹಾಕಿಸುತ್ತಿರುವವರಿಗೆ ಬೇಡ ಎನ್ನುವ ಬಾಯಿ ಯಾರಿಗೂ ಇಲ್ಲ. ಬಿಗಿ ಶುರುವಾಗಬೇಕಾದದ್ದು ಸಾರ್ವಜನಿಕರ ದುಡ್ಡಿನಲ್ಲಿ ಬಿಲ್ಲು ಕಟ್ಟುವ ಕಟ್ಟಡಗಳಿಂದ.

ಸೆಖೆಯ ಲೆಕ್ಕ

ಆದರೆ ದಿಲ್ಲಿಯ ಅಂಕಿಯನ್ನು ಹಾಗೆಯೇ ತಂದು ಉಡುಪಿಯ ಗೋಡೆಗೆ ಅಂಟಿಸಿದರೆ ಕೆಲಸ ಅರ್ಧವೇ ಆಗುತ್ತದೆ. ದಿಲ್ಲಿಯ ಮೇ ತಿಂಗಳು ಒಣ ಬೆಂಕಿ. ನಮ್ಮದು ಹಾಗಲ್ಲ. ಪಾದರಸ 32, 33 ತೋರಿಸುತ್ತಿದ್ದರೂ ಅಂಗಿ ಬೆನ್ನಿಗೆ ಅಂಟಿರುತ್ತದೆ. ಹವಾಮಾನ ಇಲಾಖೆಯೂ ಈ ಭೇದ ಬಲ್ಲದು: ಕರಾವಳಿಯಲ್ಲಿ ಗರಿಷ್ಠ ಉಷ್ಣಾಂಶ 37 ಡಿಗ್ರಿ ದಾಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಬಿಸಿಗಾಳಿ ಎನ್ನುತ್ತದೆ. ಬಯಲುಸೀಮೆಯಲ್ಲಿ ಆ ಗಡಿ 40. ಗಾಳಿಯಲ್ಲಿ ನೀರು ತುಂಬಿರುವಾಗ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಣಿಸುವುದಿಲ್ಲ. ಸೆಖೆ ಎಂದರೆ ಇದೇ.

ಎಸಿಯ ಹುಟ್ಟು ಕೂಡ ತೇವದ ಜಗಳದಿಂದಲೇ ಆದದ್ದು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಸೆಖೆಗೆ ಕಾಗದ ಉಬ್ಬಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಸರಿಪಡಿಸಲು ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಗಾಳಿಯಿಂದ ನೀರು ಹಿಂಡುವ ಏರ್ಪಾಡು ಮಾಡಿದ. ಮನುಷ್ಯರಿಗೆ ತಂಪಾದದ್ದು ಆಮೇಲಿನ ಮಾತು. ಅಚ್ಚಿನ ಕೆಲಸಕ್ಕೆ ಹೆಸರಾದ, 1970ರಿಂದ 'ಉದಯವಾಣಿ'ಯನ್ನು ಅಚ್ಚುಹಾಕುತ್ತಿರುವ ಮಣಿಪಾಲಕ್ಕೆ ಈ ಕತೆ ಹೊರಗಿನದೆನಿಸದು. ಮಳೆಗಾಲದ ಕಾಗದ ಹೇಗೆ ನಡೆದುಕೊಳ್ಳುತ್ತದೆ ಎಂದು ಇಲ್ಲಿನ ಮುದ್ರಕರಿಗೆ ಗೊತ್ತು.

ಲೆಕ್ಕ ನೋಡಿ. ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದ, ಹತ್ತಡಿ ಎತ್ತರದ ಕೋಣೆ. ಒಳಗಿನ ಗಾಳಿ 30 ಡಿಗ್ರಿ, ತೇವಾಂಶ ಶೇ 80. ಇದನ್ನು 26 ಡಿಗ್ರಿಗೆ, ಶೇ 55ರ ತೇವಾಂಶಕ್ಕೆ ತರಬೇಕಾದರೆ ಆ ಗಾಳಿಯಿಂದ ಅರ್ಧ ಲೀಟರಿಗಿಂತ ಹೆಚ್ಚು ನೀರನ್ನು ಹಿಂಡಿ ತೆಗೆಯಬೇಕು. ಇಷ್ಟು ಮಾಡುವಾಗ ಯಂತ್ರದ ಮೇಲೆ ಬೀಳುವ ಹೊರೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನೀರಿನದು. ಡಿಗ್ರಿ ಇಳಿಸುವ ಖರ್ಚು ಉಳಿದ ಸಣ್ಣ ಪಾಲು. ಒಬ್ಬರು ಬಾಗಿಲು ತೆರೆದು ಒಳಬಂದರೆ ಹೊರಗಿನ ತೇವವೂ ಅವರ ಜತೆಗೇ ಬರುತ್ತದೆ. ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಇಲ್ಲದ ಕಚೇರಿಯಲ್ಲಿ ಎಸಿ ದಿನವಿಡೀ ಕಡಲನ್ನೇ ಹಿಂಡುತ್ತಾ ಕೂತಿರುತ್ತದೆ.

'ಸ್ವಲ್ಪ ಕಡಿಮೆ ಮಾಡಿ ಮಾರಾಯ್ರೆ, ಎಂಥ ಸೆಖೆ!' ಎಂದು ಒಳಬಂದವರು ಹೇಳುವುದು, ಯಾರಾದರೂ ರಿಮೋಟ್ ಎತ್ತಿ 18ಕ್ಕೆ ಇಡುವುದು ನಮ್ಮಲ್ಲಿ ಮಾಮೂಲು. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಕಾದ ಕೋಣೆಗೆ ಎಸಿ ಹೇಗೂ ತನ್ನ ಪೂರ್ತಿ ಶಕ್ತಿಯಿಂದಲೇ ತಂಪು ಊದುತ್ತದೆ. ರಿಮೋಟಿನ ಅಂಕಿ ಹೇಳುವುದು ಎಲ್ಲಿ ನಿಲ್ಲಬೇಕು ಎಂಬುದನ್ನಷ್ಟೇ. 18 ಎಂದರೆ ಬಹುಪಾಲು ನಿಲ್ಲಲೇಬೇಡ ಎಂದ ಹಾಗೆ. ಅರ್ಧ ಗಂಟೆ ಕಳೆದ ಮೇಲೆ ಅದೇ ಕೋಣೆಯಲ್ಲಿ ಒಬ್ಬರು ಶಾಲು ಹೊದ್ದಿರುತ್ತಾರೆ, ಇನ್ನೊಬ್ಬರು ಕೈಕಟ್ಟಿ ಕೂತಿರುತ್ತಾರೆ. ಹೊರಗೆ ಬಂದರೆ ಕನ್ನಡಕದ ಗಾಜಿಗೆ ಮಂಜು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ತಣ್ಣಗಿರುವ ಗಾಜು, ಗೋಡೆ, ಪೈಪು ಯಾವುದೇ ಆಗಲಿ ಹೊರಗಾಳಿ ತಾಗಿದೊಡನೆ ಬೆವರುತ್ತದೆ. ತೀರ ತಂಪುಮಾಡಿದ ಕೋಣೆಗಳ ಮಗ್ಗುಲ ಗೋಡೆಗೆ ಬೂಷ್ಟು ಹಿಡಿಯುವುದು, ಬಣ್ಣ ಹೊಪ್ಪಳಿಕೆ ಏಳುವುದು ಇದೇ ಕಾರಣಕ್ಕೆ.

ಹಾಗಾದರೆ ಎಷ್ಟಿರಬೇಕು? ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಚೆನ್ನೈ, ಬೆಂಗಳೂರು ಸೇರಿ ಐದು ನಗರಗಳ 16 ಕಚೇರಿ ಕಟ್ಟಡಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಉತ್ತರಗಳನ್ನು ಕಲೆಹಾಕಿ, ಭಾರತೀಯರಿಗೆ ಯಾವ ಉಷ್ಣತೆ ಹಿತ ಎಂಬುದಕ್ಕೆ ಸೂತ್ರ ಕಟ್ಟಿದ್ದಾರೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಹೊರಗಿನ ಸರಾಸರಿ ಉಷ್ಣತೆ 28 ಡಿಗ್ರಿ ಇರುವ ಊರಿಗೆ ಆ ಸೂತ್ರ ಹಾಕಿದರೆ, ಕಿಟಕಿ ತೆರೆದ ಕಟ್ಟಡದಲ್ಲಿ ಹಿತವೆನಿಸುವುದು ಸುಮಾರು 28. ಎಸಿ ಬೇಕಾದಾಗ ಮಾತ್ರ ಹಾಕುವ ಕಟ್ಟಡದಲ್ಲಿ ಸುಮಾರು 25.7, ಪೂರ್ತಿ ಎಸಿಯ ಕಟ್ಟಡದಲ್ಲೂ 25.4. ಎಲ್ಲವೂ 24ಕ್ಕಿಂತ ಮೇಲೆಯೇ. ಇದಕ್ಕೆ ನಿಧಾನ ತಿರುಗುವ ಫ್ಯಾನ್ ಸೇರಿದರೆ ಮೈಗೆ ಎರಡು ಡಿಗ್ರಿ ಕಡಿಮೆಯಾದಂತೆ ಅನಿಸುತ್ತದೆ. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನ್ 30ರ ಸುತ್ತಮುತ್ತ. ಒಂದೂವರೆ ಟನ್ನಿನ ಎಸಿ ಓಡುವಾಗ ಸಾವಿರ ವಾಟಿನ ಮೇಲೆಯೇ.

ಉಳಿತಾಯವನ್ನು ಒಂದು ಮಾದರಿ ಕಚೇರಿಗೆ ಲೆಕ್ಕ ಹಾಕೋಣ. ಇಪ್ಪತ್ತು ಎಸಿ, ಒಂದೊಂದಕ್ಕೆ ಸರಾಸರಿ 1.2 ಕಿಲೋವಾಟ್, ದಿನಕ್ಕೆ 8 ಗಂಟೆ, ತಿಂಗಳಿಗೆ 22 ದಿನ. ಖರ್ಚು 4,200 ಯೂನಿಟ್ ದಾಟುತ್ತದೆ. 20ರಲ್ಲಿದ್ದದ್ದನ್ನು 26ಕ್ಕೆ ಏರಿಸಿದರೆ, ಬ್ಯೂರೋದ ಅಂದಾಜಿನಂತೆ, ಸುಮಾರು ಶೇ 30 ಉಳಿತಾಯ. ಅಂದರೆ 1,270 ಯೂನಿಟ್ ಆಸುಪಾಸು. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ತಿಂಗಳಿಗೆ ಹತ್ತು ಸಾವಿರ ರೂಪಾಯಿ. ಕಲ್ಲಿದ್ದಲಿಗೆ ತಿರುಗಿಸಿದರೆ ಅರ್ಧ ಟನ್ನಿಗೂ ಮೇಲೆ. ಒಂದೇ ಕಚೇರಿಯ ಮಾತಿದು. ತಾಲೂಕು ಕಚೇರಿ, ಪುರಸಭೆ, ಬ್ಯಾಂಕು, ವಿಮಾ ಕಚೇರಿ, ಕಾಲೇಜು, ಸಭಾಭವನ ಎಂದು ಎಣಿಸುತ್ತಾ ಹೋದರೆ ಮೊತ್ತ ದೊಡ್ಡದಾಗುತ್ತದೆ.

ಇಲ್ಲೊಂದು ಎಚ್ಚರವೂ ಬೇಕು. ಅಂಕಿ ಏರಿಸಿದ ಮಾತ್ರಕ್ಕೆ ಸೆಖೆ ಹೋಗದು. ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಎಸಿ ಹಾಕಿದ್ದರೆ ಅದು ನಾಲ್ಕು ನಿಮಿಷ ಓಡಿ ಡಿಗ್ರಿ ಇಳಿಸಿ ನಿಂತುಬಿಡುತ್ತದೆ, ನೀರು ಹಿಂಡುವಷ್ಟು ಹೊತ್ತು ಓಡುವುದೇ ಇಲ್ಲ. ಆಗ 26ರಲ್ಲೂ ಮೈ ಜಿಗುಟು. 'ದೊಡ್ಡದೇ ಇರಲಿ' ಎಂದು ಟೆಂಡರಿನಲ್ಲಿ ಎರಡು ಟನ್ ಬರೆಯುವ ಅಭ್ಯಾಸ ಕರಾವಳಿಗೆ ಎರಡು ಸಲ ನಷ್ಟ. ಜುಲೈನಲ್ಲಿ ಹೊರಗೆ 26 ಡಿಗ್ರಿ ಇರುವಾಗಲೂ ಫೈಲುಗಳು ತೇವ ಹಿಡಿಯುತ್ತವೆ ಎಂದು ಎಸಿ ಹಾಕುವ ಕಚೇರಿಗಳಿಗೆ ರಿಮೋಟಿನಲ್ಲೇ ಒಂದು ಗುಂಡಿ ಇದೆ, ಹನಿಯ ಚಿತ್ರದ್ದು. ತೇವ ಹೀರುವುದೇ ಅದರ ಮುಖ್ಯ ಕೆಲಸ. ಆ ಗುಂಡಿಯನ್ನು ಒತ್ತಿದವರು ಕಡಿಮೆ.

ಒಳಗೆ ತಂಪು, ಹೊರಗೆ ಕಾವಲಿ

ಸಾರ್ವಜನಿಕ ಕಟ್ಟಡದಲ್ಲಿ ತಂಪು ಯಾರಿಗೆ ಎಂಬ ಪ್ರಶ್ನೆ ಕರೆಂಟಿನ ಪ್ರಶ್ನೆಯಷ್ಟೇ ದೊಡ್ಡದು. ನಮ್ಮ ಯಾವುದೇ ಪಟ್ಟಣದ ಸರ್ಕಾರಿ ಕಚೇರಿಯನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ನೋಡಿ. ಮುಂದಿನ ಹಾಲಿನಲ್ಲಿ ಗುಮಾಸ್ತರ ತಲೆಯ ಮೇಲೆ ಫ್ಯಾನ್. ಹಿಂದಿನ ಕೋಣೆಯಲ್ಲಿ ಅಧಿಕಾರಿ, ಎಸಿ. ಆ ಎಸಿಯ ಹೊರಘಟಕವನ್ನು ಎಷ್ಟೋ ಕಡೆ ಜಗಲಿಯ ಗೋಡೆಗೇ ಕೂರಿಸಿರುತ್ತಾರೆ. ಪಹಣಿಗೋ ಪಿಂಚಣಿಗೋ ಬಂದ ಹೆಂಗಸು ಮಗುವನ್ನು ಸೊಂಟದಲ್ಲಿಟ್ಟು ಕಾಯುವ ಜಾಗವೂ ಆ ಜಗಲಿಯೇ. ಒಳಗಿನಿಂದ ಹೀರಿದ ಶಾಖ, ಅದರ ಜತೆಗೆ ಯಂತ್ರ ಓಡಿದ ಶಾಖ, ಎರಡೂ ಆಕೆಯ ಮುಖಕ್ಕೆ. ಕಾದ ಕಾವಲಿಯ ಹತ್ತಿರ ನಿಂತ ಅನುಭವ. ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಒಂದು ಬಣ್ಣದ ಡಬ್ಬಿ ಇಟ್ಟಿರುತ್ತಾರೆ. ಅದು ತುಂಬಿ ಜಗಲಿಯೆಲ್ಲ ಹರಡಿರುತ್ತದೆ.

ಹಾಗಾಗಿ ಎಸಿ ನಿಯಮ ಎಂದರೆ ಅಧಿಕಾರಿಯ ತಂಪು ಕಸಿಯುವುದಷ್ಟೇ ಆಗಬಾರದು. ಉಳಿಸಿದ್ದರಲ್ಲಿ ಒಂದು ಪಾಲು ಸಾಲಿನಲ್ಲಿ ನಿಂತವರ ಕಡೆಗೆ ಹೋಗಬೇಕು. ಜಗಲಿಗೆ ಫ್ಯಾನ್, ಬಿಸಿಲಿಗೆ ಮರೆ, ಕುಡಿಯುವ ನೀರು, ಕೂರಲು ಬೆಂಚು. ಹೊರಘಟಕಗಳು ಜನ ನಿಲ್ಲುವ ಜಾಗದಿಂದ ಹಿಂದಕ್ಕೆ. ಹೀಗೆ ಮಾಡಿದರೆ ನಿಯಮಕ್ಕೆ ಬೆಂಬಲ ತಾನಾಗಿ ಹುಟ್ಟುತ್ತದೆ.

ಗಾಳಿಯೂ ಪಡುವಣ, ಬಿಸಿಲೂ ಪಡುವಣ

ಕರಾವಳಿಯ ಕಟ್ಟಡಕ್ಕೆ ಒಂದು ಹಳೆಯ ಇಕ್ಕಟ್ಟಿದೆ. ಮಧ್ಯಾಹ್ನದ ಕಡಲಗಾಳಿ ಬೀಸುವುದು ಪಡುವಣದಿಂದ. ಸುಡುವ ಇಳಿಬಿಸಿಲೂ ಅದೇ ದಿಕ್ಕಿನಿಂದ. ಒಂದನ್ನು ಒಳಗೆ ಬಿಡಬೇಕು, ಇನ್ನೊಂದನ್ನು ತಡೆಯಬೇಕು. ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ಉತ್ತರ ತಗ್ಗಿದ ಮಾಡು, ಅಗಲ ಜಗಲಿ, ಮರದ ದಳಿಗಳ ಚಾವಡಿ. ಬಿಸಿಲು ಮಾಡಿನ ಅಂಚಿನಲ್ಲೇ ನಿಲ್ಲುತ್ತದೆ, ಗಾಳಿ ದಳಿಗಳ ನಡುವೆ ನುಸುಳಿ ನಡುಅಂಗಳದ ಕಡೆಗೆ ಹಾಯುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚಿನ ಮಾಡು ಮನೆಮನೆಗೂ ಬಂತು. ಹಂಚುಗಳ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಹೋಗುವುದಕ್ಕೆ ಯಾರೂ ಬಿಲ್ಲು ಕಟ್ಟಬೇಕಾಗಿರಲಿಲ್ಲ.

ಇದನ್ನು ಕಣ್ಣಾರೆ ಕಾಣಬೇಕಾದರೆ ಮಣಿಪಾಲದಲ್ಲೇ ಜಾಗವಿದೆ. ವಿಜಯನಾಥ ಶೆಣೈ ಅವರು ಬದುಕನ್ನೇ ಸುರಿದು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ. ಬೀಳಿಸಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು, ತೊಲೆಗೆ ತೊಲೆ ಕೂಡಿಸಿ ಮತ್ತೆ ನಿಲ್ಲಿಸಿದ ಜಾಗ. ಕುಂಜೂರು ಚೌಕಿ ಮನೆ, ಮಿಯಾರು ಮನೆಗಳ ಒಳಗೆ ಹೊಕ್ಕರೆ ಮೊದಲು ಕಣ್ಣಿಗೆ ಕತ್ತಲೆ, ಆಮೇಲೆ ಮೈಗೆ ತಂಪು. ಮಿಯಾರು ಕಾರ್ಕಳದ ಪಕ್ಕದ ಊರು. ಕಾರ್ಕಳಕ್ಕೇ ಹೋದರೆ 1586ರ ಚತುರ್ಮುಖ ಬಸದಿ. ಕಲ್ಲಿನ ಕಟ್ಟಡ, ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಕಂಬಸಾಲು. ಆ ಬಾಗಿಲುಗಳನ್ನು ಇಟ್ಟದ್ದು ಪೂಜೆಗೆ. ಆದರೆ ಯಾವ ದಿಕ್ಕಿನ ಗಾಳಿಗೂ ಅಲ್ಲಿ ದಾರಿ ಇದೆ.

ಈಗ ಹೆದ್ದಾರಿಯ ಬದಿಯ ಹೊಸ ಕಟ್ಟಡಗಳನ್ನು ನೋಡಿ. ಪಡುವಣಕ್ಕೆ ಮುಖ ಮಾಡಿದ ನೀಲಿ ಗಾಜು, ಕಿಟಕಿ ತೆರೆಯಲು ಬಾರದು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಗಾಳಿಯನ್ನು ತಡೆಯುತ್ತದೆ. ಹಿರಿಯರು ಮಾಡಿದ್ದರ ನೇರ ಉಲ್ಟಾ. ಇಂಥ ಕಟ್ಟಡದೊಳಗೆ ಎಸಿಯನ್ನು 26ಕ್ಕೆ ಇಡಿ ಎಂದು ಆದೇಶಿಸಿದರೆ ಜನ ತಿರುಗಿಬೀಳುತ್ತಾರೆ, ಬೀಳುವುದೂ ನ್ಯಾಯವೇ. ಹಾಗಾಗಿ ನಿಯಮ ಕಟ್ಟಡದ ನಕ್ಷೆ ಮಂಜೂರಾಗುವ ಮೇಜಿನಲ್ಲೇ ಶುರುವಾಗಬೇಕು. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ದೇಶದಲ್ಲಿ 2007ರಿಂದಲೇ ಇದೆ, 2017ರಲ್ಲಿ ಪರಿಷ್ಕೃತವಾಯಿತು. ಅದು ಹಿಡಿಯುವುದು 100 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸಂಪರ್ಕದ ದೊಡ್ಡ ವಾಣಿಜ್ಯ ಕಟ್ಟಡಗಳನ್ನು. ಕಾಪು, ಕಾರ್ಕಳಗಳ ಬಹುಪಾಲು ಕಚೇರಿಗಳು ಆ ಬಲೆಯ ಕಣ್ಣಿನಿಂದ ಜಾರಿಹೋಗುವಷ್ಟು ಸಣ್ಣವು. ಪಡುವಣ ಗೋಡೆಯಲ್ಲಿ ಗಾಜು ಎಷ್ಟಿರಬಹುದು, ತೆರೆಯುವ ಕಿಟಕಿ ಎಷ್ಟಿರಲೇಬೇಕು ಎಂಬ ಎರಡು ಸಾಲನ್ನು ಸ್ಥಳೀಯ ನಿಯಮಗಳಲ್ಲಿ ಸೇರಿಸಿದರೆ ದೊಡ್ಡ ಸಂಹಿತೆ ಮಾಡದ ಕೆಲಸ ಆಗುತ್ತದೆ.

ಮೂರು ಊರು, ಮೂರು ಹವೆ

ಒಂದೇ ಜಿಲ್ಲೆಯಾದರೂ ಹವೆ ಒಂದೇ ಅಲ್ಲ. 1901ರ ದೀಪಸ್ತಂಭ ನಿಂತಿರುವ ಕಾಪುವಿನಲ್ಲಿ ಮಧ್ಯಾಹ್ನದ ಮೇಲೆ ಗಾಳಿಗೆ ಬರವಿಲ್ಲ. ಅಲ್ಲಿನ ಸಮಸ್ಯೆ ಉಪ್ಪು. ಹೊರಘಟಕದ ಅಲ್ಯೂಮಿನಿಯಂ ರೆಕ್ಕೆಗಳು ಉಪ್ಪುಗಾಳಿಗೆ ಪುಡಿಪುಡಿಯಾಗಿ ಉದುರುತ್ತವೆ. ರೆಕ್ಕೆ ಹೋದರೆ ಶಾಖ ಬಿಡುವ ಶಕ್ತಿ ಹೋಯಿತು, ಐದು ನಕ್ಷತ್ರದ ಎಸಿ ಒಂದು ನಕ್ಷತ್ರದ್ದರಂತೆ ಕರೆಂಟು ಎಳೆಯತೊಡಗುತ್ತದೆ. ಕಡಲ ದಂಡೆಯ ಕಚೇರಿಗಳಿಗೆ ವರ್ಷಕ್ಕೆ ಎರಡು ಸಲವಾದರೂ ಸಿಹಿನೀರಲ್ಲಿ ತೊಳೆಯುವ ನಿರ್ವಹಣೆ, ಲೇಪನವಿರುವ ರೆಕ್ಕೆಗಳ ಯಂತ್ರ ಬೇಕು. ಅಲ್ಲಿ ರಿಮೋಟಿಗಿಂತ ಮೆಕ್ಯಾನಿಕ್ಕನ ಭೇಟಿ ಹೆಚ್ಚು ಉಳಿಸುತ್ತದೆ.

ಮಣಿಪಾಲ ಮುರಕಲ್ಲಿನ ದಿಣ್ಣೆ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದಾಗ ಬೋಳುಗುಡ್ಡವಾಗಿದ್ದ ಊರು ಈಗ ಆಸ್ಪತ್ರೆ, ಕಾಲೇಜು, ಹಾಸ್ಟೆಲು, ಜಿಲ್ಲಾ ಕಚೇರಿಗಳ ಸಂಕೀರ್ಣ ರಜತಾದ್ರಿ ಎಲ್ಲ ಸೇರಿ ಜಿಲ್ಲೆಯ ಅತಿ ದೊಡ್ಡ ಎಸಿ ನೆರೆಹೊರೆ. ಇಲ್ಲಿ ಬೇಕಾದದ್ದು ವಿಂಗಡಣೆ. ಶಸ್ತ್ರಚಿಕಿತ್ಸೆಯ ಕೋಣೆ, ತೀವ್ರ ನಿಗಾ ಘಟಕ, ರಕ್ತನಿಧಿ, ಪ್ರಯೋಗಾಲಯ, ಸರ್ವರ್ ಕೋಣೆ ಇವು ನಿಯಮದ ಹೊರಗೆ. ತಾಳೆಗರಿ, ಹಳೆಯ ಕಾಗದ ಇಟ್ಟಿರುವ ಗ್ರಂಥಭಂಡಾರಕ್ಕೆ ಏರುಪೇರಿಲ್ಲದ ತೇವಾಂಶ ಮುಖ್ಯ. ಹಗಲು 18, ರಾತ್ರಿ ಬಂದ್ ಎಂಬುದು ಅದಕ್ಕೆ ವಿಷ. ಸ್ವಾಗತ ಹಾಲು, ಆಡಳಿತ ವಿಭಾಗ, ತರಗತಿ, ಸೆಮಿನಾರ್ ಹಾಲುಗಳಿಗೆ ಮಾತ್ರ ಯಾವ ರಿಯಾಯಿತಿಯೂ ಬೇಕಿಲ್ಲ.

ಕಾರ್ಕಳ ಒಳನಾಡು. ಕರಿಬಂಡೆಗಳ ಊರು. ಕಡಲಗಾಳಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ, ಹಗಲು ಕಾಯುತ್ತದೆ. ಬೆಳಗ್ಗೆ ಮಾತ್ರ ಹಿತ. ಇಂಥ ಊರಿಗೆ ಗಡಿಯಾರವೇ ಔಷಧ. ರಾಜ್ಯ ಸರ್ಕಾರ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಏರ್ಪಾಡು ಮಾಡುತ್ತದೆ. ಕರಾವಳಿಯ ಸೆಖೆಗೆ ಆ ಸವಲತ್ತು ಇಲ್ಲ. ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ದಿನದವರೆಗಾದರೂ ಬೆಳಗಿನ ಕಚೇರಿ ಇಟ್ಟು ನೋಡುವುದರಲ್ಲಿ ನಷ್ಟವೇನು?

ಟೈ ಬಿಚ್ಚಿದ ಜಪಾನ್

ಉಡುಗೆ ಬದಲಾಗದೆ ಅಂಕಿ ಬದಲಾಗದು ಎಂಬುದನ್ನು ಚೆನ್ನಾಗಿ ಅರಿತ ದೇಶ ಜಪಾನ್. 2005ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ 'ಕೂಲ್ ಬಿಜ್' ಎಂಬ ಅಭಿಯಾನ ಹೂಡಿದರು. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ಎಸಿ 28 ಡಿಗ್ರಿ. ಬದಲಿಗೆ ಕೋಟು, ಟೈ ಬೇಡ. ಪ್ರಧಾನಿ ಕೊಯಿಜುಮಿ ತಾವೇ ಟೈ ಇಲ್ಲದೆ ಕ್ಯಾಮೆರಾ ಎದುರು ನಿಂತರು. 2011ರ ಸುನಾಮಿಯ ನಂತರ ಅಣುಸ್ಥಾವರಗಳು ಬಂದ್ ಆದಾಗ ಅದು ಇನ್ನಷ್ಟು ಬಿಗಿಯಾಯಿತು. 28 ಅತಿಯಾಯಿತು ಎಂಬ ಗೊಣಗಾಟ ಅಲ್ಲೂ ಇದೆ. ಚೀನಾ 2007ರಲ್ಲಿ ಸಾರ್ವಜನಿಕ ಕಟ್ಟಡಗಳಿಗೆ 26ರ ಗಡಿ ಹಾಕಿತು. ಉಕ್ರೇನ್ ಯುದ್ಧದಿಂದ ಅನಿಲ ತುಟ್ಟಿಯಾದ 2022ರಲ್ಲಿ ಸ್ಪೇನ್ ಸಾರ್ವಜನಿಕ ಕಟ್ಟಡಗಳಿಗೆ 27 ಎಂದಿತು. ಜತೆಗೆ ಒಳಗಿನ ಉಷ್ಣತೆ ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ತೋರಿಸಬೇಕು, ಬಾಗಿಲು ತಾನೇ ಮುಚ್ಚಿಕೊಳ್ಳಬೇಕು ಎಂದೂ ಸೇರಿಸಿತು. ಕರಾವಳಿಗೆ ಹೆಚ್ಚು ಬೇಕಾದದ್ದು ಸ್ಪೇನಿನ ಈ ಕೊನೆಯ ಎರಡು ಷರತ್ತು.

ನಮ್ಮಲ್ಲಿ ಕೋಟಿನ ಪ್ರಶ್ನೆ ಎದ್ದು ಕಾಣುವುದು ನ್ಯಾಯಾಲಯದಲ್ಲಿ. ಹೈಕೋರ್ಟ್, ಸುಪ್ರೀಂ ಕೋರ್ಟುಗಳನ್ನು ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಗೆ ಕರಿಕೋಟು ಕಡ್ಡಾಯವಲ್ಲ ಎಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಬ್ಯಾಂಕಿನ ಶಾಖೆಗಳಲ್ಲಿ ಟೈ, ಕಾಲೇಜಿನ ಸಮಾರಂಭಗಳಲ್ಲಿ ಬ್ಲೇಜರ್, ಮದುವೆ ಹಾಲಿನ ವೇದಿಕೆಯಲ್ಲಿ ಮೂರು ತುಂಡಿನ ಸೂಟು ಮಾತ್ರ ಮೇ ತಿಂಗಳಲ್ಲೂ ಬಿಡದು. ವೇದಿಕೆಯ ಮೇಲಿನ ಮದುಮಗನ ಸೂಟಿಗೆ ಹಾಲನ್ನು 18ಕ್ಕೆ ಇಳಿಸಿದರೆ, ಮುಂದಿನ ಸಾಲಿನ ಅಜ್ಜಿಯರು ಸೆರಗು ಹೊದ್ದು ನಡುಗುತ್ತಾರೆ. ಗಂಡಸರು ಅಂಗಿ ಕಳಚಿ ದೇವರ ಮುಂದೆ ನಿಲ್ಲುವ ಊರಿನಲ್ಲಿ ಅರ್ಧ ತೋಳಿನ ಹತ್ತಿಯಂಗಿಯಲ್ಲಿ ಕಚೇರಿಗೆ ಬಂದರೆ ಯಾರ ಗೌರವವೂ ಕುಂದದು.

ಆದೇಶದಲ್ಲಿ ಇರಬೇಕಾದದ್ದು

1. ಆಡಳಿತ ಕೋಣೆ, ಸಭಾಂಗಣ, ತರಗತಿಗಳಲ್ಲಿ ಎಸಿ 26ಕ್ಕಿಂತ ಕೆಳಗಿಲ್ಲ. ಜತೆಗೆ ಫ್ಯಾನ್ ಕಡ್ಡಾಯ. ಮಳೆಗಾಲದಲ್ಲಿ ಹನಿಯ ಗುಂಡಿ.

2. ಎಸಿ ಇರುವ ಪ್ರತಿ ಕೋಣೆಗೂ ತಾನೇ ಮುಚ್ಚಿಕೊಳ್ಳುವ ಬಾಗಿಲು.

3. ಗೋಡೆಯಲ್ಲಿ ಉಷ್ಣತೆ, ತೇವಾಂಶ ಎರಡನ್ನೂ ತೋರಿಸುವ ಮಾಪಕ, ಸಾರ್ವಜನಿಕರಿಗೂ ಕಾಣುವಂತೆ.

4. ಎಸಿಗಳಿಗೆ ಪ್ರತ್ಯೇಕ ಮೀಟರ್. ತಿಂಗಳ ಯೂನಿಟ್ ಲೆಕ್ಕ ಸೂಚನಾ ಫಲಕದಲ್ಲಿ.

5. ಹೊಸ ಖರೀದಿಗೆ ಮುನ್ನ ಕೋಣೆಯ ಅಳತೆ, ಬಿಸಿಲು, ಜನರ ಲೆಕ್ಕ. 'ದೊಡ್ಡದೇ ಇರಲಿ' ಎನ್ನುವಂತಿಲ್ಲ.

6. ಹೊರಘಟಕ ಜನ ಕಾಯುವ ಜಾಗದಿಂದ ದೂರ. ವರ್ಷಕ್ಕೆ ಎರಡು ಸಲ ತೊಳೆದ ದಾಖಲೆ.

7. ರೋಗಿ, ಔಷಧ, ಯಂತ್ರ, ಹಸ್ತಪ್ರತಿಗಳ ಕೋಣೆಗಳಿಗೆ ವಿನಾಯಿತಿ, ಲಿಖಿತ ಕಾರಣದೊಂದಿಗೆ.

ಬಿಲ್ಲು ನೋಡದ ಬೆರಳು

ನಿಯಮ ಸೋಲುವುದು ಎಲ್ಲಿ ಎಂದು ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಎಸಿ 18ಕ್ಕೆ ಹೋಗದಂತೆ ತಡೆಯುವುದು ತಿಂಗಳ ಕೊನೆಯ ಬಿಲ್ಲು. ಕಚೇರಿಯಲ್ಲಿ ಗುಂಡಿ ಒತ್ತುವವರೊಬ್ಬರು, ಬಿಲ್ಲಿಗೆ ಸಹಿ ಹಾಕುವವರು ಇನ್ನೊಬ್ಬರು, ದುಡ್ಡು ಕೊಡುವವರು ಹೊರಗೆ ಜಗಲಿಯಲ್ಲಿ ನಿಂತವರು. ಈ ಮೂವರೂ ಒಂದೇ ಕಾಗದವನ್ನು ನೋಡುವಂತೆ ಮಾಡದಿದ್ದರೆ 26 ಎಂಬ ಅಂಕಿ ಸುತ್ತೋಲೆಯಲ್ಲೇ ಉಳಿಯುತ್ತದೆ. ಮೇಲಿನ ಪಟ್ಟಿಯಲ್ಲಿ ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯ ಎನ್ನುವುದು ಅದಕ್ಕೇ. ಈಗ ಕಟ್ಟಡಕ್ಕೆಲ್ಲ ಒಂದೇ ಮೀಟರ್. ದೀಪ, ಪಂಪು, ಲಿಫ್ಟು, ಎಸಿ ಎಲ್ಲ ಒಂದೇ ಮೊತ್ತದಲ್ಲಿ ಕರಗಿಹೋಗುತ್ತವೆ. ಎಸಿಯ ಪಾಲು ಬೇರೆಯಾಗಿ ಕಂಡ ದಿನ, ಯಾವ ಇಲಾಖೆ ಎಷ್ಟು ತಿಂದಿತು ಎಂಬ ಹೋಲಿಕೆ ಶುರುವಾಗುತ್ತದೆ. ದಂಡದ ಭಯಕ್ಕಿಂತ ಪಕ್ಕದ ಕಚೇರಿಯ ಅಂಕಿಯ ನಾಚಿಕೆ ಹೆಚ್ಚು ಕೆಲಸ ಮಾಡುತ್ತದೆ.

ಇದಕ್ಕೆ ದಿಲ್ಲಿಯ ಅಧಿಸೂಚನೆಗೆ ಕಾಯಬೇಕಾಗಿಲ್ಲ. ರಾಜ್ಯದಲ್ಲಿ ಇಂಧನ ಸಂರಕ್ಷಣೆಯ ಹೊಣೆ ಹೊತ್ತ ಕ್ರೆಡಲ್ ಇದೆ, ಮೀಟರ್ ಕೂರಿಸಲು ಮೆಸ್ಕಾಂ ಇದೆ, ಲೆಕ್ಕ ಮಾಡಿಕೊಡಲು ಮಣಿಪಾಲದಲ್ಲೇ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿದ್ದಾರೆ. ತನ್ನ ಅಧೀನದ ಕಚೇರಿಗಳಿಗೆ ಸುತ್ತೋಲೆ ಕಳಿಸುವ ಅಧಿಕಾರ ಜಿಲ್ಲಾಡಳಿತಕ್ಕಿದೆ. ಒಂದು ಬೇಸಿಗೆ, ಒಂದು ಜಿಲ್ಲಾ ಕಚೇರಿ, ಕಾಪು ಮತ್ತು ಕಾರ್ಕಳದ ಎರಡು ತಾಲೂಕು ಕಚೇರಿ. ಫೆಬ್ರವರಿಯಲ್ಲಿ ಶುರುಮಾಡಿ ಮಳೆ ಹಿಡಿಯುವ ತನಕ ನಡೆಸಿ, ಹಿಂದಿನ ವರ್ಷದ ಬಿಲ್ಲಿನ ಪಕ್ಕದಲ್ಲಿ ಈ ವರ್ಷದ್ದನ್ನು ಇಟ್ಟು ಪ್ರಕಟಿಸಿದರೆ ಸಾಕು. 26 ಹೆಚ್ಚಾಯಿತು ಎಂದು ಸಿಬ್ಬಂದಿ ಹೇಳಿದರೆ 25ಕ್ಕೆ ಇಳಿಸಬಹುದು. ಪ್ರಯೋಗ ಎಂದರೆ ಅದೇ ತಾನೆ. ಒಂದೇ ಒಂದು ಷರತ್ತು ಮಾತ್ರ ಸಡಿಲವಾಗಬಾರದು. ಆದೇಶಕ್ಕೆ ಸಹಿ ಬೀಳುವ ಕೋಣೆಯ ಎಸಿಯಿಂದಲೇ ಅದರ ಜಾರಿ ಶುರುವಾಗಬೇಕು.